ಹಳ್ಳಿಯ ಒಲೆಯನ್ನು ಅಳೆದ ವಿಜ್ಞಾನಿ: ಪ್ರೊ. ಅಮೂಲ್ಯ ರೆಡ್ಡಿ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ವಿಜ್ಞಾನಕ್ಕೆ ಸಂಬಂಧಿಸಿದವರಾದರೆ ಒಳಿತೆಂದೂ ಸೂಚಿಸಿದರು. ಇಂಥ ಸಂಚಿಕೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕುರಿತೋ ಸರ್ ಸಿ. ವಿ. ರಾಮನ್ ಅವರನ್ನು ಕುರಿತೋ ಬರೆಯುವುದು ವಾಡಿಕೆ. ಅವರ ಬಗ್ಗೆ ನಮ್ಮ ಮಕ್ಕಳು ಪಠ್ಯಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಆದುದರಿಂದ ಜಗತ್ತಿನ ಶಕ್ತಿತಜ್ಞರೆಲ್ಲ ಬಲ್ಲ, ಆದರೆ ನಮ್ಮ ಶಾಲೆಯ ಗೋಡೆಯ ಮೇಲೆ ಇನ್ನೂ ಭಾವಚಿತ್ರವಾಗಿ ಬಾರದ ಕನ್ನಡ ನಾಡಿನ ಒಬ್ಬ ವಿಜ್ಞಾನಿಯನ್ನು ನಾನು ಆರಿಸಿಕೊಂಡಿದ್ದೇನೆ. ಅವರೇ ಕೀರ್ತಿಶೇಷ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು.

ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಶಿಕ್ಷಕ ವೃತ್ತಿಗೆ ಬಂದವನು. ವಿಜ್ಞಾನದಲ್ಲಿ ನನ್ನ ತಿಳಿವಳಿಕೆ ಏಳನೆಯ ತರಗತಿಗೆ ಪಾಠ ಹೇಳುವಷ್ಟು ಮಾತ್ರ. ರೆಡ್ಡಿಯವರನ್ನು ನಾನು ಪ್ರತ್ಯಕ್ಷ ಕಂಡವನೂ ಅಲ್ಲ. ಆದರೂ ಅವರ ಬಗ್ಗೆ ಬರೆಯುವ ಧೈರ್ಯ ಮಾಡಲು ಎರಡು ಕಾರಣಗಳಿವೆ. ಒಂದು, ನನ್ನ ತಾಯಿಯ ಅಡಿಗೆಮನೆ. ಇನ್ನೊಂದು, ಇದೇ ಕಲಂಗುಟ್‌ನಲ್ಲಿ ನಾನು ಒಬ್ಬ ಬಾಲಕನಿಗೆ ಮಾಡಿದ ಅನ್ಯಾಯ. ಇವೆರಡನ್ನೂ ಸಂದರ್ಭ ಬಂದಾಗ ಹೇಳುತ್ತೇನೆ.

ಅಮೂಲ್ಯ ರೆಡ್ಡಿಯವರು 1930ನೆಯ ಇಸವಿ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಜನಿಸಿದರು. ಅಲ್ಲಿಯ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನ ಶಾಸ್ತ್ರವನ್ನು ವ್ಯಾಸಂಗ ಮಾಡಿ, ಹೆಚ್ಚಿನ ಅಧ್ಯಯನಕ್ಕಾಗಿ ಲಂಡನ್ನಿಗೆ ತೆರಳಿದರು. ಇಂಪೀರಿಯಲ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿ 1958ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಸ್ವದೇಶಕ್ಕೆ ಮರಳಿ ಮೂರು ವರ್ಷಗಳ ಕಾಲ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾಲಯದಲ್ಲಿ ಸೇವೆ ಸಲ್ಲಿಸಿದರು. 1961ರಲ್ಲಿ ಅಮೇರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಆ ಕ್ಷೇತ್ರದಲ್ಲಿ ಜಗತ್ಪ್ರಸಿದ್ಧರಾಗಿದ್ದ ಪ್ರೊ. ಬಾಕ್ರಿಸ್ ಅವರೊಡನೆ ದುಡಿದರು. 1966ರಲ್ಲಿ ಬೆಂಗಳೂರಿಗೆ ಹಿಂದಿರುಗಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಜನರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಯಲ್ಲಿ ಅವರು 1991ರಲ್ಲಿ ನಿವೃತ್ತರಾಗುವವರೆಗೆ, ಅಂದರೆ ಕಾಲು ಶತಮಾನ ಇದ್ದರು.

ವಿದ್ಯುತ್ ರಸಾಯನ ಶಾಸ್ತ್ರವೆಂದರೇನು ಎಂಬುದನ್ನು ನಮ್ಮ ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಲೋಹವೊಂದನ್ನು ದ್ರಾವಣದಲ್ಲಿ ಇಳಿಬಿಟ್ಟರೆ, ಅವೆರಡೂ ಒಂದನ್ನೊಂದು ಮುಟ್ಟುವ ಮೇಲ್ಮೈಯಲ್ಲಿ ವಿದ್ಯುತ್ ಕಣಗಳ ಕೊಡುಕೊಳ್ಳುವಿಕೆ ನಡೆಯುತ್ತದೆ. ಬ್ಯಾಟರಿಯು ವಿದ್ಯುತ್ತನ್ನು ಕೊಡುವುದು ಇದರಿಂದಲೇ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಇದರಿಂದಲೇ. ನಿಕ್ಕಲ್ ಮುಂತಾದ ಲೋಹಗಳು ಕೆಲವು ಸಂದರ್ಭಗಳಲ್ಲಿ ತಮ್ಮ ಮೈಮೇಲೆ ತಾವೇ ಒಂದು ಪೊರೆಯನ್ನು ಹೊದ್ದುಕೊಂಡು ಸವೆತದಿಂದ ಪಾರಾಗುತ್ತವೆ. ಆ ಪೊರೆಯು ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ತೆಳುವಾದುದು. ಲೋಹದ ಮೇಲೆ ಬೆಳಕನ್ನು ಬಿಟ್ಟು, ಅದು ಪ್ರತಿಫಲಿಸಿ ಬರುವಾಗ ಆಗುವ ಬದಲಾವಣೆಯನ್ನು ಅಳೆದು, ಅಂಥ ಪೊರೆಯ ಹುಟ್ಟು ಬೆಳವಣಿಗೆಗಳನ್ನು ತಿಳಿಯುವ ವಿಧಾನದಲ್ಲಿ ರೆಡ್ಡಿಯವರು ನಿಪುಣರಾಗಿದ್ದರು. ಬಾಕ್ರಿಸ್ ಅವರೊಡಗೂಡಿ ಅವರು ರಚಿಸಿದ ಆಧುನಿಕ ವಿದ್ಯುತ್ ರಸಾಯನ ಶಾಸ್ತ್ರ ಕುರಿತ ಎರಡು ಸಂಪುಟಗಳ ಗ್ರಂಥವು 1970ರಲ್ಲಿ ಪ್ರಕಟವಾಯಿತು. ಆ ಶಾಸ್ತ್ರವನ್ನು ಕಲಿಯುವವರು ದೇಶದೇಶಗಳಲ್ಲಿ ಅದನ್ನು ಓದಿದರು. ಇಂದು ವಿದ್ಯುತ್ ವಾಹನಗಳ ಬ್ಯಾಟರಿ, ಸೌರಶಕ್ತಿಯನ್ನು ಸಂಗ್ರಹಿಸಿಡುವ ಉಪಕರಣ ಎಂದು ಲೋಕವೆಲ್ಲ ಮಾತನಾಡುತ್ತಿರುವಾಗ, ಅವುಗಳ ತಳಹದಿಯಾದ ಶಾಸ್ತ್ರ ಇದೇ ಎಂಬುದನ್ನು ನೆನೆಯಬೇಕು.

ನಲವತ್ತು ತುಂಬುವ ಹೊತ್ತಿಗೆ ಇಷ್ಟು ಕೀರ್ತಿಯನ್ನು ಸಂಪಾದಿಸಿದವರು ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ರೆಡ್ಡಿಯವರ ಮನಸ್ಸು ಬೇರೆಡೆಗೆ ತಿರುಗಿತು. ವಿಜ್ಞಾನ ಮಂದಿರದ ಪ್ರಯೋಗಾಲಯಗಳಲ್ಲಿ ಲೋಕದ ಅತ್ಯುನ್ನತ ಸಂಶೋಧನೆಗಳು ನಡೆಯುತ್ತಿದ್ದವು. ಅಲ್ಲಿಂದ ಎರಡು ಮೂರು ಗಂಟೆಗಳ ಪ್ರಯಾಣದಷ್ಟು ದೂರದ ಹಳ್ಳಿಗಳಲ್ಲಿ ಮೂರು ಕಲ್ಲುಗಳ ಒಲೆಯೂ ಚಿಮಣಿ ಬುಡ್ಡಿಯೂ ತಾತನ ಕಾಲದಲ್ಲಿ ಹೇಗಿದ್ದವೋ ಹಾಗೆಯೇ ಇದ್ದವು. 1973ರಲ್ಲಿ ತೈಲದ ಬೆಲೆ ಏರಿ, ಇಂಧನದ ಬಿಕ್ಕಟ್ಟು ಎಂಬ ಮಾತು ಪತ್ರಿಕೆಗಳಲ್ಲಿ ತುಂಬಿಕೊಂಡಿತು. ಆದರೆ ಆ ಚರ್ಚೆಯಲ್ಲಿ ಪೆಟ್ರೋಲು, ಕಲ್ಲಿದ್ದಲುಗಳಿದ್ದವೇ ಹೊರತು ಸೌದೆಯ ಮಾತಿರಲಿಲ್ಲ. ನಾಡಿನ ಬಹುಪಾಲು ಮನೆಗಳು ಉರಿಸುತ್ತಿದ್ದುದು ಸೌದೆಯನ್ನು. ಅದರ ಲೆಕ್ಕದ ಕಡೆಗೆ ಮಾತ್ರ ಹೆಚ್ಚಿನವರ ಗಮನ ಹರಿದಿರಲಿಲ್ಲ.

1974ರಲ್ಲಿ ರೆಡ್ಡಿಯವರು ಸಹೋದ್ಯೋಗಿಗಳೊಡನೆ ವಿಜ್ಞಾನ ಮಂದಿರದೊಳಗೇ ಅಸ್ತ್ರ ಎಂಬ ಕೇಂದ್ರವನ್ನು ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಆ ಪದವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರ ಸ್ಥಾಪನೆಯಾಯಿತು. ಮರುವರ್ಷ, ಪ್ರೊ. ಸತೀಶ್ ಧವನ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಸ್ತಿತ್ವಕ್ಕೆ ಬಂದಾಗ, ರೆಡ್ಡಿಯವರು ಅದರ ಮೊದಲ ಕಾರ್ಯದರ್ಶಿಗಳಾದರು.

ಲೆಕ್ಕ ಹಾಕಿ ನೋಡುವುದು ಅವರ ಸ್ವಭಾವ. ಆ ದಿನಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಮಾಡಿದ ಒಂದು ಹೋಲಿಕೆಯು ಬಹಳ ಹೆಸರಾಯಿತು. ವರ್ಷಕ್ಕೆ 2,30,000 ಟನ್ ಸಾರಜನಕ ಗೊಬ್ಬರವನ್ನು ನಾಡಿಗೆ ಒದಗಿಸಬೇಕೆಂದು ಇಟ್ಟುಕೊಳ್ಳಿ. ಅದಕ್ಕೆ ಕಲ್ಲಿದ್ದಲಿನಿಂದ ನಡೆಯುವ ಒಂದು ದೊಡ್ಡ ಕಾರ್ಖಾನೆಯನ್ನು ಕಟ್ಟಬಹುದು. ಇಲ್ಲವೇ ಹಳ್ಳಿಗಳಲ್ಲಿ 26,150 ಗೋಬರ್ ಗ್ಯಾಸ್ ಸ್ಥಾವರಗಳನ್ನು ಕಟ್ಟಬಹುದು. ಹಾಕಬೇಕಾದ ಬಂಡವಾಳದಲ್ಲಿ ಹೆಚ್ಚು ಅಂತರವಿಲ್ಲ. ಕಾರ್ಖಾನೆಯಲ್ಲಿ 1,000 ಜನರಿಗೆ ಕೆಲಸ ದೊರೆತರೆ, ಗೋಬರ್ ಗ್ಯಾಸ್ ಸ್ಥಾವರಗಳಲ್ಲಿ 1,30,750 ಜನರಿಗೆ ದೊರೆಯುತ್ತದೆ. ಕಾರ್ಖಾನೆಯು ಶಕ್ತಿಯನ್ನು ನುಂಗುತ್ತದೆ; ಗೋಬರ್ ಗ್ಯಾಸ್ ಸ್ಥಾವರವು ಗೊಬ್ಬರವನ್ನು ಕೊಡುವುದರ ಜೊತೆಗೆ ಶಕ್ತಿಯನ್ನೂ ಕೊಡುತ್ತದೆ. ದೊಡ್ಡ ಕಾರ್ಖಾನೆಯೆಂದರೆ ಕೆಟ್ಟದ್ದು ಎಂಬ ಹಟ ಅವರಿಗಿರಲಿಲ್ಲ. ಒಂದೇ ಕೆಲಸವನ್ನು ಹಲವು ಬಗೆಯಲ್ಲಿ ಮಾಡಬಹುದಾದಾಗ, ಯಾವ ಬಗೆಯು ಬಡವನಿಗೆ ಮೊದಲು ನೆರವಾಗುತ್ತದೆಂದು ನೋಡಿ ಆರಿಸಬೇಕೆಂಬುದು ಅವರ ನಿಲುವು.

ಮುಂದಿನ ಹೆಜ್ಜೆಯಾಗಿ ಅಸ್ತ್ರದ ತಂಡದವರು ಉಂಗ್ರದ ಸುತ್ತಣ ಹಳ್ಳಿಗಳ ಮನೆ ಮನೆಗೂ ಹೋದರು. ಅವುಗಳಲ್ಲೊಂದು ಪುರ. 1977ರಲ್ಲಿ ಆ ಹಳ್ಳಿಯಲ್ಲಿ 56 ಮನೆಗಳು, 357 ಜನ. ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ಎಷ್ಟು ದೂರದಿಂದ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ, ಎತ್ತುಗಳು ಎಷ್ಟು ದುಡಿಯುತ್ತವೆ, ಮನುಷ್ಯರು ಎಷ್ಟು ದುಡಿಯುತ್ತಾರೆ, ಎಲ್ಲವನ್ನೂ ಬರೆದುಕೊಂಡರು. ಆ ಹಳ್ಳಿಯು ಬಳಸುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು. ಊರಿಗೆ ವಿದ್ಯುತ್ ಕಂಬಗಳು ಬಂದಿದ್ದವು. ಆದರೆ ಒಟ್ಟು ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ನೂರಕ್ಕೆ ಒಂದರಷ್ಟಿರಬಹುದು, ಅಷ್ಟೆ. ಸೌದೆಯನ್ನು ಆರಿಸಲು, ನೀರನ್ನು ಹೊರಲು ಹೆಂಗಸರೂ ಮಕ್ಕಳೂ ದಿನವೂ ಗಂಟೆಗಟ್ಟಲೆ ಕಳೆಯುತ್ತಿದ್ದರು. ಇಷ್ಟು ಕಷ್ಟಪಟ್ಟು ತಂದ ಸೌದೆಯನ್ನು ಒಲೆಗೆ ಒಡ್ಡಿದರೆ, ಅದರ ಶಾಖದಲ್ಲಿ ನೂರಕ್ಕೆ ಐದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತಿತ್ತು. ಉಳಿದ ತೊಂಬತ್ತೈದು ಪಾಲು ಗಾಳಿಗೆ ಹೋಗುತ್ತಿತ್ತು. ಹೊಗೆಯು ಅಡಿಗೆ ಮಾಡುವವಳ ಕಣ್ಣಿಗೂ ಎದೆಗೂ ಹೋಗುತ್ತಿತ್ತು. ಲೋಹದ ಮೈಮೇಲಿನ ಪೊರೆಯನ್ನು ಅಳೆದ ವಿಜ್ಞಾನಿ ಹಳ್ಳಿಯ ಒಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ತಿಳಿದ ಸತ್ಯವಿದು.

ಈ ಅಳತೆಯಿಂದ ಹುಟ್ಟಿದ್ದು ಅಸ್ತ್ರ ಒಲೆ. ರೆಡ್ಡಿಯವರ ಸಹೋದ್ಯೋಗಿಗಳಾದ ಪ್ರೊ. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮುಂತಾದವರು ಅದನ್ನು ರೂಪಿಸಿದರು. ಮಣ್ಣಿನಿಂದಲೇ ಕಟ್ಟುವ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡುವ, ಬೆಂಕಿಯ ಗೂಡು ಮುಚ್ಚಿರುವ, ಸೌದೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಸರಳುಗಳ ಜಾಲರಿಯಿರುವ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆ ಕಳುಹಿಸುವ ಒಲೆ ಅದು. ಪ್ರಯೋಗಗಳಲ್ಲಿ ಅದು ಸೌದೆಯ ಶಾಖದಲ್ಲಿ ನೂರಕ್ಕೆ ನಲವತ್ತರಷ್ಟನ್ನು ಪಾತ್ರೆಗೆ ಮುಟ್ಟಿಸಿತು. 1980ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳಿಗೆ ಅದು ತಲುಪಿತು.

ನನ್ನ ತಾಯಿಯ ವಿಚಾರವನ್ನು ಇಲ್ಲಿ ಹೇಳಬೇಕು. ಆ ದಶಕದ ಕೊನೆಯಲ್ಲಿ ಒಂದು ಬೇಸಿಗೆ ರಜೆಗೆ ನಾನು ಗೋವೆಯಿಂದ ಊರಿಗೆ ಹೋದಾಗ, ಒಲೆ ಕಟ್ಟುವ ಗೌಂಡಿಯೊಬ್ಬ ನಮ್ಮೂರಿಗೆ ಬಂದಿದ್ದ. ಅವ್ವನಿಗೆ ವರ್ಷಗಳಿಂದ ಕೆಮ್ಮು. ನಸುಕಿನಲ್ಲಿ ಎದ್ದು ಹತ್ತಿಕಟ್ಟಿಗೆ, ಕುಳ್ಳು ಒಡ್ಡಿ ಒಲೆ ಊದುವ ಆಕೆಯ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ಅದು ಹೊಗೆಯ ಫಲವೆಂದು ನಮಗೆ ಹೊಳೆದಿರಲೇ ಇಲ್ಲ. ಹೆಂಗಸರಿಗೆ ವಯಸ್ಸಾದಂತೆ ಕೆಮ್ಮು ಬರುವುದು ಸಹಜವೆಂದೇ ತಿಳಿದಿದ್ದೆವು. ಹಳೆಯ ಒಲೆಯನ್ನು ಕೆಡವಲು ಅವ್ವ ಒಪ್ಪಲಿಲ್ಲ. ನಾನು ಹಟ ಹಿಡಿದು, ಮೂಲೆಯಲ್ಲಿ ಹೊಸದನ್ನು ಕಟ್ಟಿಸಿದೆ. ಮೊದಲ ದಿನ ಅಡಿಗೆಮನೆಯಲ್ಲಿ ಹೊಗೆಯಿಲ್ಲದ್ದನ್ನು ಕಂಡು ಆಕೆ ಒಲೆಯೇ ಹೊತ್ತಿಲ್ಲವೆಂದು ಬಗೆದು ಬಗ್ಗಿ ನೋಡಿದಳು. ಆ ರಜೆಯಿಡೀ ಕೆಮ್ಮು ಕಡಿಮೆಯಿತ್ತು.

ಮರುವರ್ಷ ಹೋದಾಗ ಆಕೆ ಮತ್ತೆ ಹಳೆಯ ಒಲೆಯ ಮುಂದೆಯೇ ಕುಳಿತಿದ್ದಳು. ಹೊಗೆಯ ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತ್ತು. ಅದನ್ನು ಮೇಲೇರಿ ತೆಗೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲದೆ ನಮ್ಮ ಕಡೆಯ ಜೋಳದ ರೊಟ್ಟಿಗೆ ಹಂಚಿನ ಕೆಳಗೂ ಬೆಂಕಿ ಬೇಕು, ರೊಟ್ಟಿಯನ್ನು ಒಲೆಯ ಬಾಯಿಗೆ ಒರಗಿಸಿ ಸುಡಲು ಮುಂದೆಯೂ ಕೆಂಡ ಬೇಕು. ಗೂಡು ಮುಚ್ಚಿದ ಒಲೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಅವ್ವ ಇದನ್ನು ಒಂದು ದಿನವೂ ದೂರಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಲೆಯನ್ನು ಕಟ್ಟಿಸಿ ಪುಣ್ಯ ಕಟ್ಟಿಕೊಂಡೆನೆಂದು ಕಲಂಗುಟ್‌ಗೆ ಬಂದು ಕುಳಿತಿದ್ದೆ. ಅದಾದ ಕೆಲವು ವರ್ಷಗಳಲ್ಲಿ ಆಕೆ ತೀರಿಕೊಂಡಳು. ವರ್ಷಕ್ಕೆರಡು ಸಲ ಕೊಳವೆಯನ್ನು ಶುಚಿ ಮಾಡುವ ವ್ಯವಸ್ಥೆಯನ್ನಾದರೂ ನಾನು ಮಾಡಬಹುದಾಗಿತ್ತೆಂಬ ಕೊರಗು ಇಂದಿಗೂ ಇದೆ.

ಇಂಥದೇ ಸೋಲನ್ನು ರೆಡ್ಡಿಯವರೂ ಅವರ ತಂಡದವರೂ ಪುರದಲ್ಲಿ ಕಂಡರೆಂಬುದನ್ನು ನಾನು ಅನಂತರ ಓದಿ ತಿಳಿದೆ. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಸಮುದಾಯದ ಗೋಬರ್ ಗ್ಯಾಸ್ ಸ್ಥಾವರದಿಂದ ಮನೆ ಮನೆಗೂ ಅಡಿಗೆಯ ಅನಿಲ ಕೊಡಬೇಕೆಂಬುದು ಮೊದಲ ಯೋಜನೆಯಾಗಿತ್ತು. ಸಗಣಿಯನ್ನು ನೀರಿನೊಡನೆ ಕಲಸಿ, ಗಾಳಿಯಾಡದ ಬಾವಿಯಲ್ಲಿ ತುಂಬಿದರೆ, ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ, ಉರಿಯಬಲ್ಲ ಮೀಥೇನ್ ಅನಿಲವನ್ನು ಬಿಡುಗಡೆ ಮಾಡುತ್ತವೆ. ಉಳಿದ ರಾಡಿಯು ಉತ್ತಮ ಗೊಬ್ಬರ. ತತ್ತ್ವದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಲ್ಲ ಮನೆಗಳಿಗೂ ಎರಡು ಹೊತ್ತಿನ ಅಡಿಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಕಾಸು ಕೊಡದೆ ಸೌದೆ ಸಿಗುವಾಗ, ಅರೆಹೊಟ್ಟೆಯ ಅನಿಲಕ್ಕೆ ಜನ ಏಕೆ ತಲೆ ಕೆಡಿಸಿಕೊಂಡಾರು? ಯೋಜನೆ ನಿಂತುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಹಳ್ಳಿಯವರ ಅಜ್ಞಾನವನ್ನು ದೂರಿ ವರದಿ ಬರೆದು ಮುಗಿಸುತ್ತಿದ್ದರೋ ಏನೋ. ಇವರು ಹಳ್ಳಿಯವರೊಡನೆ ಕುಳಿತು, ಅವರಿಗೆ ನಿಜವಾಗಿ ಬೇಕಾದುದೇನೆಂದು ಕೇಳಿದರು. ಅವರಿಗೆ ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು, ಅನಂತರ ರಾತ್ರಿಯ ದೀಪ. ಆಗ ಯೋಜನೆಯನ್ನೇ ತಿರುಗಿಸಿದರು. ಅನಿಲವನ್ನು ಒಲೆಗೆ ಕೊಡುವ ಬದಲು ಒಂದು ಸಣ್ಣ ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಸ್ವಲ್ಪ ಡೀಸೆಲ್ಲು, ಹೆಚ್ಚು ಪಾಲು ಗೋಬರ್ ಅನಿಲ ಕುಡಿದು ನಡೆಯುವ ಆ ಎಂಜಿನ್ನಿಗೆ ಸುಮಾರು 5 ಕಿಲೋವಾಟಿನ ವಿದ್ಯುಜ್ಜನಕವನ್ನು ಜೋಡಿಸಿದರು. 1987ರಿಂದ ಆ ವಿದ್ಯುತ್ತು ಕೊಳವೆ ಬಾವಿಯಿಂದ ನೀರನ್ನು ಎತ್ತಿ ನಲ್ಲಿಗಳಿಗೆ ಹರಿಸಿತು. ಮನೆಗಳಲ್ಲಿ ದೀಪ ಬೆಳಗಿತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ ಸಲ್ಲುತ್ತಿತ್ತು. ತರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು; ಹಣ ಅವರ ಕೈಗೇ ಸೇರುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವೂ ಅವರವರ ಪಾಲಿಗೆ ಮರಳುತ್ತಿತ್ತು. ಎಂಜಿನ್ನನ್ನು ನಡೆಸಲು ಊರಿನ ಹುಡುಗರನ್ನೇ ತರಬೇತುಗೊಳಿಸಿದರು. ಲೆಕ್ಕಪತ್ರ, ಮೇಲ್ವಿಚಾರಣೆಗಳನ್ನು ಊರವರ ಗ್ರಾಮವಿಕಾಸ ಸಭೆ ನೋಡಿಕೊಂಡಿತು. ಆ ವ್ಯವಸ್ಥೆ ಹಲವು ವರ್ಷ ನಡೆಯಿತು. ದೇಶವಿದೇಶಗಳ ವಿದ್ವಾಂಸರು ಪುರವನ್ನು ಹುಡುಕಿಕೊಂಡು ಬಂದರು.

ಉಪಕರಣ ಎಷ್ಟೇ ಚೆನ್ನಾಗಿದ್ದರೂ, ಅದನ್ನು ಬಳಸುವವರ ಬೇಡಿಕೆ ಏನೆಂದು ಕೇಳದಿದ್ದರೆ, ಅದನ್ನು ನೋಡಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ, ಅದು ಮೂಲೆಗೆ ಸೇರುತ್ತದೆ. ನನ್ನ ಅವ್ವನ ಅಡಿಗೆಮನೆಯಲ್ಲಿ ಆದುದೂ ಇದೇ. ರೆಡ್ಡಿಯವರ ತಂಡವು ಸೋತ ಮೇಲೆ ಹೋಗಿ ಕೇಳಿತು. ನಾನು ಕೇಳಲಿಲ್ಲ.

ಹಳ್ಳಿಯಲ್ಲಿ ಕಂಡ ಸತ್ಯವನ್ನು ರೆಡ್ಡಿಯವರು ಲೋಕದ ಮುಂದೆ ಇಟ್ಟರು. ಬ್ರೆಜಿಲ್ ದೇಶದ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೊಹಾನ್ಸನ್, ಅಮೇರಿಕೆಯ ವಿಲಿಯಮ್ಸ್ ಎಂಬ ಮೂವರು ವಿದ್ವಾಂಸರೊಡನೆ ಕೂಡಿ 1985ರಲ್ಲಿ ಅವರು ಒಂದು ಲೇಖನವನ್ನು ಪ್ರಕಟಿಸಿದರು. ಒಬ್ಬ ಮನುಷ್ಯನಿಗೆ ಸರಾಸರಿ 1 ಕಿಲೋವಾಟ್ ಶಕ್ತಿ ದೊರೆತರೆ, ಅಂದರೆ 100 ವಾಟಿನ ಹತ್ತು ಬಲ್ಬುಗಳು ಹಗಲಿರುಳು ಉರಿಯುವಷ್ಟು ದೊರೆತು ಅದನ್ನು ಉತ್ತಮ ಉಪಕರಣಗಳಲ್ಲಿ ಬಳಸಿದರೆ, ಬಡದೇಶಗಳ ಜನರೂ 1970ರ ದಶಕದ ಪಶ್ಚಿಮ ಯೂರೋಪಿನ ಮಟ್ಟದಲ್ಲಿ ಬಾಳಬಹುದೆಂದು ಅದರಲ್ಲಿ ತೋರಿಸಿಕೊಟ್ಟರು. ಇದು ವಿದ್ಯುತ್ತೊಂದರ ಲೆಕ್ಕವಲ್ಲ. ಅಡಿಗೆ, ಸಾರಿಗೆ, ಕೈಗಾರಿಕೆ ಎಲ್ಲವೂ ಕೂಡಿದ ಲೆಕ್ಕ. ಈ ವಿಚಾರಗಳನ್ನು ವಿಸ್ತರಿಸಿದ ಅವರ ಗ್ರಂಥವು 1988ರಲ್ಲಿ ಹೊರಬಂದಿತು. ಜನರಿಗೆ ಬೇಕಾದುದು ಶಕ್ತಿಯಲ್ಲ, ಶಕ್ತಿಯಿಂದಾಗುವ ಸೇವೆ ಎಂಬುದು ಅದರ ತಿರುಳು. ಯಾರಿಗೂ ಯೂನಿಟ್ಟುಗಟ್ಟಲೆ ವಿದ್ಯುತ್ತು ಬೇಕಾಗಿಲ್ಲ. ಓದಲು ಬೆಳಕು, ಬೆಂದ ಅನ್ನ, ಕೊಡ ತುಂಬ ನೀರು ಬೇಕಾಗಿದೆ. ಅದನ್ನು ಕಡಿಮೆ ಶಕ್ತಿಯಲ್ಲಿ ಒದಗಿಸುವುದೂ ಹೊಸ ವಿದ್ಯುತ್ ಕೇಂದ್ರವನ್ನು ಕಟ್ಟಿದಷ್ಟೇ ಸಾಧನೆ.

ಕರ್ನಾಟಕದ ವಿಷಯದಲ್ಲಿಯೂ ಅವರು ಈ ಲೆಕ್ಕವನ್ನು ಮಾಡಿದರು. 1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳನ್ನು ಕುರಿತ ಒಂದು ಸರ್ಕಾರಿ ಸಮಿತಿಯು, 2000ನೆಯ ಇಸವಿಯ ಹೊತ್ತಿಗೆ ಅಪಾರ ಪ್ರಮಾಣದ ವಿದ್ಯುತ್ತು ಬೇಕಾಗುವುದೆಂದು ಅಂದಾಜು ಮಾಡಿ, ದೊಡ್ಡ ದೊಡ್ಡ ಕೇಂದ್ರಗಳನ್ನು ಸೂಚಿಸಿತ್ತು. ರೆಡ್ಡಿಯವರೂ ಸಂಗಡಿಗರೂ ಬೇರೊಂದು ಯೋಜನೆಯನ್ನು ಸಿದ್ಧಪಡಿಸಿದರು. ಸ್ನಾನದ ನೀರಿಗೆ ಸೌರಶಕ್ತಿ, ಹೆಚ್ಚು ವಿದ್ಯುತ್ತು ನುಂಗದ ದೀಪಗಳು, ಸುಧಾರಿಸಿದ ಪಂಪ್‌ಸೆಟ್ಟುಗಳು, ಸ್ಥಳೀಯವಾದ ಸಣ್ಣ ಉತ್ಪಾದನೆ ಇವುಗಳನ್ನು ಕೂಡಿಸಿಕೊಂಡರೆ, ಸಮಿತಿಯು ಹೇಳಿದ ಪ್ರಮಾಣದ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಲ್ಲಿ, ಎಲ್ಲ ಮನೆಗಳಿಗೂ ದೀಪ ಕೊಟ್ಟು ಕೂಡ ರಾಜ್ಯವು ನಡೆಯಬಹುದೆಂದು ತೋರಿಸಿದರು. ಅವರ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಇಂದು ಬೆಂಗಳೂರಿನ ಮನೆಗಳ ಮಹಡಿಯ ಮೇಲೆ ಸೌರ ಜಲತಾಪಕಗಳನ್ನು ಕಂಡಾಗ, ಕಡಿಮೆ ವಾಟಿನ ಎಲ್‌ಇಡಿ ದೀಪಗಳು ಬಡವರ ಮನೆಗೂ ಬಂದುದನ್ನು ಕಂಡಾಗ, ಅವರ ದೂರದೃಷ್ಟಿಯನ್ನು ಮೆಚ್ಚಬೇಕೆನಿಸುತ್ತದೆ.

ಇನ್ನು ಕಲಂಗುಟ್‌ನ ಮಾತು. ಇದು 1990ರ ದಶಕದ್ದು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗಾರೆಕೆಲಸಕ್ಕೂ ಹೋಟೆಲುಗಳ ಕೆಲಸಕ್ಕೂ ಬಂದ ಕುಟುಂಬಗಳ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರಲ್ಲಿ ಒಬ್ಬ ಬಾಲಕ ಮನೆಲೆಕ್ಕವನ್ನು ಎಂದೂ ಮಾಡಿಕೊಂಡು ಬರುತ್ತಿರಲಿಲ್ಲ. ತಂದ ದಿನವೂ ಪುಸ್ತಕಕ್ಕೆ ಚಿಮಣಿ ಎಣ್ಣೆಯ ವಾಸನೆ, ಹಾಳೆಯ ತುಂಬ ಮಸಿ. ನಾನು ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಹೊಡೆದೆ. ಮರುದಿನದಿಂದ ಅವನು ಬರಲಿಲ್ಲ. ಒಂದು ವಾರದ ಮೇಲೆ ಹುಡುಕಿಕೊಂಡು ಹೋದೆ. ತಗಡಿನ ಶೆಡ್ಡು, ಒಳಗೆ ಒಂದೇ ಬುಡ್ಡಿ, ಅದು ಅಡಿಗೆಗೂ ಬೇಕು, ತಮ್ಮನನ್ನು ಮಲಗಿಸಲೂ ಬೇಕು. ಶೆಡ್ಡಿನ ಹಿಂದೆ ಆಳೆತ್ತರದ ಗೋಡೆ. ಗೋಡೆಯಾಚೆ ಪ್ರವಾಸಿಗರ ತೋಟದಲ್ಲಿ ಗಿಡಗಿಡಕ್ಕೂ ಬಣ್ಣದ ದೀಪಗಳು. ಆ ಬೆಳಕು ಗೋಡೆಯ ಮೇಲಿನಿಂದ ಚೆಲ್ಲಿ ಬೀಳುವ ಒಂದು ಗೇಣು ಜಾಗದಲ್ಲಿ ಬಾಲಕನು ಪುಸ್ತಕ ಹಿಡಿದು ನಿಂತಿದ್ದ. ಊರಿಗೆ ವಿದ್ಯುತ್ತು ಬಂದಿಲ್ಲವೆಂದು ಯಾರು ಹೇಳಬಲ್ಲರು? ಬಂದಿತ್ತು, ಗೋಡೆಯ ಆ ಕಡೆಗೆ.

ಮರುದಿನ ಅವನನ್ನು ಕರೆತಂದೆ. ಅಂದಿನಿಂದ ಸಂಜೆ ಎರಡು ಗಂಟೆ ಶಾಲೆಯ ಒಂದು ಕೋಣೆಯಲ್ಲಿ ದೀಪ ಹಾಕಿ ಮಕ್ಕಳನ್ನು ಕೂರಿಸಿಕೊಳ್ಳುವ ರೂಢಿ ಆರಂಭವಾಯಿತು. ನಾನು ನಿವೃತ್ತನಾಗುವವರೆಗೆ ಅದನ್ನು ನಡೆಸಿದೆ. ಆ ಬಾಲಕ ಹತ್ತನೆಯ ತರಗತಿಯನ್ನು ಮುಗಿಸಲಿಲ್ಲ. ತಂದೆಯೊಡನೆ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. ನನ್ನ ಪೆಟ್ಟಿನ ನೆನಪು ಅವನಿಗಿದೆಯೋ ಇಲ್ಲವೋ, ನನಗಿದೆ. ರೆಡ್ಡಿಯವರ ಲೇಖನಗಳನ್ನು ಕನ್ನಡ ಪತ್ರಿಕೆಗಳ ಮೂಲಕ ಅರಿತುಕೊಂಡದ್ದು ಅನಂತರದ ಮಾತು. ನಾಡಿನ ಶಕ್ತಿ ಯಾರಿಗಾಗಿ, ಮೊದಲು ಯಾರಿಗೆ ಎಂಬ ಅವರ ಪ್ರಶ್ನೆಯನ್ನು ಓದಿದಾಗ, ನನ್ನ ಕಣ್ಣ ಮುಂದೆ ನಿಂತದ್ದು ಆ ಗೋಡೆ.

1991ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾದ ವರ್ಷವೇ ರೆಡ್ಡಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಎನರ್ಜಿ ಇನಿಷಿಯೇಟಿವ್ ಎಂಬ ಸಂಸ್ಥೆಯನ್ನು ಕಟ್ಟಿ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೇರಿಕಗಳ ಬಡದೇಶಗಳ ಶಕ್ತಿಸಮಸ್ಯೆಗಳಿಗಾಗಿ ದುಡಿದರು. 1998ರಲ್ಲಿ ದೇಶವು ಅಣುಬಾಂಬಿನ ಪರೀಕ್ಷೆ ನಡೆಸಿದಾಗ, ವಿಜ್ಞಾನವನ್ನು ಸಂಹಾರಕ್ಕೆ ಬಳಸುವುದು ನೀತಿಗೆ ವಿರುದ್ಧವೆಂದು ಬಹಿರಂಗವಾಗಿ ಹೇಳಿದ ಕೆಲವೇ ವಿಜ್ಞಾನಿಗಳಲ್ಲಿ ಅವರೊಬ್ಬರು. 2000ದಲ್ಲಿ ಅವರಿಗೂ ಅವರ ಮೂವರು ಗ್ರಂಥ ಸಹಲೇಖಕರಿಗೂ ವೋಲ್ವೋ ಪರಿಸರ ಪ್ರಶಸ್ತಿ ಸಂದಿತು. 2006ರ ಮೇ 7ರಂದು ಬೆಂಗಳೂರಿನಲ್ಲಿ ಅವರು ಕಾಲವಶರಾದರು. ಅಸ್ತ್ರ ಒಲೆಯ ಮುಂದೆ ಕುಳಿತು ರೊಟ್ಟಿ, ಮುದ್ದೆ ಮಾಡಿದ ತಾಯಂದಿರಲ್ಲಿ ಹೆಚ್ಚಿನವರಿಗೆ ಅವರ ಹೆಸರು ತಿಳಿದಿರಲಿಲ್ಲ.

ಈಗ ಕಾಲ ಬಹಳ ಬದಲಾಗಿದೆ. ಹಳ್ಳಿಗಳಲ್ಲಿಯೂ ಅನಿಲದ ಸಿಲಿಂಡರುಗಳು ಬಂದಿವೆ. ಮಾಡಿನ ಮೇಲೆ ಸೌರಫಲಕಗಳು ಬಂದಿವೆ. ಸಿಲಿಂಡರು ಮುಗಿದಾಗ ಮತ್ತೊಂದನ್ನು ಕೊಳ್ಳಲು ಹಣ ಹೊಂದದೆ, ಸೌದೆಗೆ ಮರಳುವ ಮನೆಗಳೂ ಇವೆ. ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಅಂಥ ಮನೆಗಳಿಂದಲೇ ಬರುತ್ತಾರೆಂಬುದನ್ನು ಇಂದಿನ ಶಿಕ್ಷಕ ಬಂಧುಗಳು ಬಲ್ಲರು. ನಾಳೆ ಈ ಮಕ್ಕಳಲ್ಲಿ ಒಬ್ಬರೋ ಇಬ್ಬರೋ ಹೊಸ ಬ್ಯಾಟರಿಯನ್ನೋ ಸೌರಕೋಶವನ್ನೋ ಕಂಡುಹಿಡಿಯುವ ವಿಜ್ಞಾನಿಗಳಾಗಲೆಂದು ಹಾರೈಸುತ್ತೇನೆ. ಆದಾಗ, ತಾವು ಕಂಡುಹಿಡಿದುದನ್ನು ತಮ್ಮ ಅವ್ವ ಬಳಸಬಲ್ಲಳೇ ಎಂದು ಒಮ್ಮೆ ಮನೆಗೆ ಹೋಗಿ ಕೇಳಿ ಬರಲಿ. ಶಿಕ್ಷಕರಿಗೆ ನನ್ನದೊಂದು ವಿನಂತಿ: ಮನೆಲೆಕ್ಕ ಮಾಡದ ಮಗುವನ್ನು ದಂಡಿಸುವ ಮುನ್ನ, ಅದರ ಮನೆಯಲ್ಲಿ ದೀಪವಿದೆಯೇ ಎಂದು ನೋಡಿಬನ್ನಿ.